ನಿಲ್ಲಬಾರದ ಗುಳ್ಳೆ

ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಈ ಕಥೆಯನ್ನು ಪೂರ್ತಿಯಾಗಿ ಹೇಳಬಲ್ಲವರು ಇಬ್ಬರೇ. ಒಬ್ಬ ದುರುಗಣ್ಣ, ಒಂದು ಕಾಲಕ್ಕೆ ಗೋಲಿ ಸೋಡಾ ತುಂಬುತ್ತಿದ್ದವನು. ಇನ್ನೊಬ್ಬಳು ಹುಸೇನಮ್ಮ, ಶಂಭುಲಿಂಗಪ್ಪ ಸಾವುಕಾರರ ಮನೆಯಲ್ಲಿ ಹನ್ನೊಂದು ವರ್ಷ ಮನೆಗೆಲಸ ಮಾಡಿದವಳು. ದಾರಿಯಲ್ಲಿ ನಡೆದದ್ದನ್ನು ದುರುಗಣ್ಣ ಹೇಳುತ್ತಾನೆ; ಮನೆಯೊಳಗೆ ನಡೆದದ್ದನ್ನು ಹುಸೇನಮ್ಮ. ಒಂದೇ ಕಟ್ಟೆಯ ಮೇಲೆ ಕುಳಿತು ಒಬ್ಬರ ಮಾತಿನ ಮಧ್ಯೆ ಇನ್ನೊಬ್ಬರು ಬಾಯಿಹಾಕಿ ಹೇಳಿದ್ದನ್ನು ಇಲ್ಲಿ ಸಾಲಾಗಿ ಜೋಡಿಸಿದೆ. ಇಬ್ಬರ ಮಾತು ಹೊಂದದ ಕಡೆ, ಹೊಂದುವುದಿಲ್ಲವೆಂದೇ ಬಿಟ್ಟಿದೆ.

ಶಂಭುಲಿಂಗಪ್ಪನವರ ಹಿರಿಯರು ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸಿದವರು. ಸಂಡೂರಿನ ಗುಡ್ಡದ ಮಣ್ಣಿಗೆ ದೂರದೇಶದಲ್ಲಿ ಬೆಲೆ ಬಂದ ವರ್ಷಗಳಲ್ಲಿ ಅವರು ಗಿರಣಿಯನ್ನು ತಮ್ಮನಿಗೆ ಬಿಟ್ಟು ಅದಿರಿಗೆ ಇಳಿದರು, ಹೊಸಪೇಟೆಯಲ್ಲಿ ಮೂರಂತಸ್ತಿನ ಮನೆ ಕಟ್ಟಿಸಿದರು. ಆ ಮನೆಯ ನೆಲಮಹಡಿಯ ಕೋಣೆಯೊಂದಕ್ಕೆ ಸಮುದ್ರವನ್ನು ತಂದರು. ಎಂಟು ಅಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಉಪ್ಪು ನೀರು, ನೀರಿನಲ್ಲಿ ಹಳದಿ ನೀಲಿ ಮೀನು, ಮೀನುಗಳ ಕೆಳಗೆ ಜೀವಂತ ಹವಳ. ರಸ್ತೆಯಲ್ಲಿ ಹಗಲೂ ರಾತ್ರಿ ಅದಿರಿನ ಲಾರಿಗಳು ಓಡುತ್ತಿದ್ದುದರಿಂದ, ಕೆಂಪು ಧೂಳು ನೀರಿಗೆ ಬೀಳದಂತೆ ಕೋಣೆಯ ಕಿಟಕಿಗಳ ಸಂದಿಗೆಲ್ಲ ರಬ್ಬರ್ ತುಂಬಿಸಿ ಮುಚ್ಚಿದ್ದರು. ಬಾಗಿಲಿಗೂ ರಬ್ಬರ್ ಪಟ್ಟಿ. ಒಳಗೆ ಎ.ಸಿ. ಇತ್ತು, ಹೊರಗಿನ ಗಾಳಿಗೆ ದಾರಿ ಇರಲಿಲ್ಲ.

ಹವಳವೆಂಬುದು ಕಲ್ಲಲ್ಲ, ಜೀವ. ನೀರಿನಲ್ಲಿ ಕರಗಿರುವ ಸುಣ್ಣವನ್ನು ಹೀರಿ ಮೈಸುತ್ತ ಕಲ್ಲು ಕಟ್ಟಿಕೊಳ್ಳುತ್ತದೆ. ತೊಟ್ಟಿಯ ನೀರಿನಲ್ಲಿ ಆ ಸುಣ್ಣ ಬೇಗ ತೀರುವುದರಿಂದ ಅದನ್ನು ತುಂಬಿಕೊಡಲು ಪಕ್ಕದಲ್ಲಿ ಎರಡು ಮೊಳ ಎತ್ತರದ ಕೊಳವೆಯೊಂದನ್ನು ನಿಲ್ಲಿಸಿದ್ದರು. ಕೊಳವೆಯ ತುಂಬ ಸತ್ತ ಹವಳದ ಚೂರು. ಸಿಲಿಂಡರಿನಿಂದ ಇಂಗಾಲಾಮ್ಲ, ಅಂದರೆ ದುರುಗಣ್ಣನ ಬಾಯಲ್ಲಿ ಸೋಡಾ ಗ್ಯಾಸು, ಸ್ವಲ್ಪಸ್ವಲ್ಪವಾಗಿ ಅದರೊಳಕ್ಕೆ ಸೇರಿದರೆ ನೀರು ಹುಳಿಯಾಗಿ ಚೂರುಗಳು ಕರಗುತ್ತವೆ. ಕರಗಿದ ಸುಣ್ಣದ ನೀರು ತೊಟ್ಟಿಗೆ ತೊಟ್ಟಿಕ್ಕುತ್ತದೆ. ಗ್ಯಾಸು ಕಡಿಮೆಯಾದರೆ ಹವಳ ಸೊರಗುತ್ತದೆ, ಹೆಚ್ಚಾದರೆ ತೊಟ್ಟಿಯೇ ಹುಳಿಯಾಗಿ ಮೀನು ಸಾಯುತ್ತವೆ. ಎರಡೂ ಆಗದಂತೆ ಹಿಡಿಯುವುದು ಸಿಲಿಂಡರಿನ ಕುತ್ತಿಗೆಗೆ ಬಿಗಿದ ರೆಗ್ಯುಲೇಟರು. ಅದರಿಂದ ಹೊರಟ ಗ್ಯಾಸು ಮೊದಲು ಹೆಬ್ಬೆರಳಿನಷ್ಟು ದಪ್ಪದ ಗಾಜಿನ ಸೀಸೆಯೊಂದರ ನೀರಿನಲ್ಲಿ ಗುಳ್ಳೆಯಾಗಿ ಏಳುತ್ತದೆ. ಎರಡು ಸೆಕೆಂಡಿಗೆ ಒಂದು ಗುಳ್ಳೆ ಎಂದರೆ ಸರಿಯಾಗಿದೆ ಎಂದರ್ಥ.

ಚೆನ್ನೈಯಿಂದ ಬಂದು ಇದನ್ನೆಲ್ಲ ಕೂಡಿಸಿದವರು ನಾಲ್ಕು ದಿನವಿದ್ದು ಹೋದರು. ಆಮೇಲೆ ನೋಡಿಕೊಳ್ಳುವವರು ಯಾರು? ಊರಿನಲ್ಲಿ ಆ ಗ್ಯಾಸಿನ ಗುಣ ಬಲ್ಲವರು ಸೋಡಾ ಕಾರ್ಖಾನೆಯವರು ಮಾತ್ರ. ಸೋಡಾ ಕಾರ್ಖಾನೆಗಳೂ ಆ ಹೊತ್ತಿಗೆ ಮುಚ್ಚಿದ್ದವು. ಹಾಗೆ ದುರುಗಣ್ಣ ಆ ಮನೆಗೆ ಬಂದ.

ಗುಳ್ಳೆ ಏಳಲು ಶುರುವಾದ ದಿನವೇ ಸಾವುಕಾರರಿಗೆ ಮೊದಲ ಗಣಿಯ ಪರವಾನಗಿ ಕೈಸೇರಿತ್ತು. ಅದನ್ನು ಅವರು ಮೊದಮೊದಲು ನಗೆಯ ಮಾತಾಗಿ ಹೇಳುತ್ತಿದ್ದರು. ಒಮ್ಮೆ ಸಿಲಿಂಡರ್ ಬರಿದಾಗಿ ಗುಳ್ಳೆ ನಿಂತ ದಿನ ಅವರ ಎರಡು ಲಾರಿ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬಿದ್ದವು. ಅಲ್ಲಿಗೆ ನಗೆ ನಿಂತಿತು. ದೇವರ ಮನೆಯ ನಂದಾದೀಪವನ್ನು ಹೇಗೆ ಕಾಯುತ್ತಾರೋ ಹಾಗೆ ಆ ಗುಳ್ಳೆಯನ್ನು ಕಾಯಬೇಕೆಂದು ಅಪ್ಪಣೆಯಾಯಿತು. ಕಾಯುವ ಕೆಲಸವನ್ನು ಅವರ ತಾಯಿ ಮುದುಕಮ್ಮ ತಾವಾಗಿ ವಹಿಸಿಕೊಂಡರು. ಮುಂಜಾನೆ ಲಿಂಗಪೂಜೆ ಮುಗಿದ ಮೇಲೆ ಕೌದಿ ಹಾಸಿಕೊಂಡು ತೊಟ್ಟಿಯ ಎದುರು ನೆಲದ ಮೇಲೆ ಕುಳಿತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಗುಳ್ಳೆಗೊಂದು ಶಿವನಾಮ. ಎರಡು ಸೆಕೆಂಡಿಗೊಂದು ‘ಓಂ ನಮಃ ಶಿವಾಯ’ ಸರಾಗವಾಗಿ ಹಿಡಿಸುತ್ತದೆ.

ದುರುಗಣ್ಣ ಇದಕ್ಕೆ ನಗುತ್ತಿರಲಿಲ್ಲ. “ಮಷೀನ್ಕಿಂತ ಅವ್ವಾರು ಚಲೋ ಹೇಳ್ತಿದ್ರು,” ಎನ್ನುತ್ತಾನೆ. “ಬಾಗಿಲ್ದಾಗ ನಿಂತು ಅವರ ಜಪ ಕೇಳಿದ್ರ ಸಾಕು, ಗುಳ್ಳಿ ಎಷ್ಟು ಬರಾಕತ್ಯಾವ ಅಂತ ಗೊತ್ತಾಗ್ತಿತ್ತು.”

ಇದು ಎರಡು ಸಾವಿರದ ಆರನೆಯ ಇಸವಿಯ ಮಾತು. ಸಾವುಕಾರರ ಎರಡನೆಯ ಗಣಿಯ ಪರವಾನಗಿ ಬೆಂಗಳೂರಿನ ಕಚೇರಿಯಲ್ಲಿ ತೀರ್ಮಾನಕ್ಕೆ ಬಂದಿತ್ತು. ಹಿಂದಿನ ದಿನವೇ ಅವರು ಹೆಂಡತಿಯೊಂದಿಗೆ ಹೊರಟರು. ಹೊರಡುವಾಗ ತಾಯಿಯ ಪಾದ ಮುಟ್ಟಿ, “ನಾಳೆ ಹನ್ನೊಂದಕ್ಕ ಕರಿತಾರಬೇ. ನಾ ಫೋನ್ ಮಾಡಾತನ ಗುಳ್ಳಿ ನಿಲ್ಲಬಾರ್ದು ನೋಡು,” ಎಂದರು. ದುರುಗಣ್ಣನಿಗೆ ಹೇಳಿದ್ದು ಇನ್ನೂ ಚಿಕ್ಕ ಮಾತು: “ಹೊಸಾ ಸಿಲಿಂಡರ್ ಹಚ್ಚು.”

ಅಂದು ಹೊಸಪೇಟೆಯಲ್ಲಿ ತುಂಬಿದ ಸಿಲಿಂಡರ್ ಸಿಗಲಿಲ್ಲ. ಸಂಡೂರಿನ ಗಣಿಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗಿಗೆ ಇದೇ ಗ್ಯಾಸು ಬಳಸುವುದರಿಂದ ಅಲ್ಲಿಂದಲೇ ಒಂದು ದೊಡ್ಡ ಸಿಲಿಂಡರನ್ನು ಜೀಪಿನಲ್ಲಿ ತರಿಸಿದರು. ಆಳೆತ್ತರದ್ದು, ಬುಡದಿಂದ ಕುತ್ತಿಗೆಯವರೆಗೆ ಅದಿರಿನ ಧೂಳು ಮೆತ್ತಿ ಕೆಂಪಗಾಗಿತ್ತು. ಯಾವ ಸಿಲಿಂಡರನ್ನೂ ಒದ್ದೆ ಬಟ್ಟೆಯಿಂದ ಒರೆಸದೆ ಕೂಡಿಸದ ದುರುಗಣ್ಣ ಆ ಸಂಜೆ ಕುತ್ತಿಗೆಯನ್ನು ಮಾತ್ರ ಒರೆಸಿ ರೆಗ್ಯುಲೇಟರ್ ಬಿಗಿದ. ಸಾವುಕಾರರ ಕಾರು ಅಂಗಳದಲ್ಲಿ ಹೊರಟು ನಿಂತಿತ್ತು, ಗುಳ್ಳೆ ಎದ್ದದ್ದನ್ನು ಕಂಡೇ ಅವರು ಹೊರಡುವವರಿದ್ದರು.

ಮರುದಿನ ಬೆಳಿಗ್ಗೆ ಬರಿದಾದ ಹಳೆಯ ಸಿಲಿಂಡರನ್ನು ಹಿಂದಿರುಗಿಸಲು ದುರುಗಣ್ಣ ಅದೇ ಜೀಪಿನಲ್ಲಿ ಸಂಡೂರಿಗೆ ಹೋದ. ಜೀಪು ನಡೆಸುವವನು ಜಂಬಪ್ಪ. ವರ್ಕ್‌ಶಾಪಿನ ಉಗ್ರಾಣ ನೋಡುವ ವೆಂಕೋಬರಾಯರು ಸಿಲಿಂಡರುಗಳನ್ನು ಎಣಿಸುತ್ತ ನಿಂತಿದ್ದರು.

“ದುರುಗಣ್ಣ, ಇಲ್ಲಿದ್ದ ಬಿಳಿ ಪಟ್ಟೀದು ಒಂದು ಕಾಣವಲ್ದು. ನೀವೇನರ ಒಯ್ದಿರೇನು?”

“ಯಾವ ಬಿಳಿ ಪಟ್ಟೀದ್ರಿ?”

“ಬೆಂಕಿ ಆರ್ಸೋದು. ಬುಡದಾಗ ಬಿಳಿ ಪಟ್ಟಿ ಬಳದಿರತೈತಿ. ನಿನ್ನೆ ಒಯ್ದದ್ದಕ್ಕ ಪಟ್ಟಿ ಇತ್ತೋ ಇಲ್ಲೋ?”

“ಧೂಳ ಇತ್ರಿ,” ಎಂದ ದುರುಗಣ್ಣ. ಅಷ್ಟು ಹೇಳಿದ ಮೇಲೆ ತಾನು ಕುತ್ತಿಗೆಯನ್ನು ಮಾತ್ರ ಒರೆಸಿದ್ದು ಅವನಿಗೆ ನೆನಪಾಯಿತು.

ಬೆಂಕಿ ಆರಿಸುವ ಸಿಲಿಂಡರಿನೊಳಗೆ ಕುತ್ತಿಗೆಯಿಂದ ತಳದವರೆಗೆ ಒಂದು ನಳಿಕೆ ಇಳಿದಿರುತ್ತದೆ. ಮಾಮೂಲಿ ಸಿಲಿಂಡರು ಮೇಲೆ ನಿಂತ ಗ್ಯಾಸನ್ನು ಕೊಡುತ್ತದೆ. ಇದು ತಳದಲ್ಲಿ ನಿಂತ ದ್ರವವನ್ನೇ ಮೇಲಕ್ಕೆ ಕಕ್ಕುತ್ತದೆ. ಬೆಂಕಿಗೆ ಅದು ಸರಿ. ರೆಗ್ಯುಲೇಟರಿಗೆ ಆ ದ್ರವ ತಗುಲಿದರೆ ಅದು ಮಂಜುಗಟ್ಟಿ, ಒಳಗಿನ ರಬ್ಬರಿನ ಬಿಲ್ಲೆ ಬಿರಿಯುತ್ತದೆ. ಬಿಲ್ಲೆ ಬಿರಿದರೆ ತಡೆಯುವುದು ಏನೂ ಉಳಿಯುವುದಿಲ್ಲ. ಮೂವತ್ತು ಕಿಲೋ ಗ್ಯಾಸು, ಸಂದಿಯಿಲ್ಲದ ಕೋಣೆ. ಆ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ನೀರಿನಂತೆ ಹರಡಿ ಕೆಳಗಿನಿಂದ ತುಂಬುತ್ತ ಬರುತ್ತದೆ. ನೆಲದ ಮೇಲೆ ಕೌದಿ ಹಾಸಿಕೊಂಡು ಎಪ್ಪತ್ತನಾಲ್ಕು ವಯಸ್ಸಿನ ಮುದುಕಮ್ಮ ಕುಳಿತಿದ್ದರು.

ಆಗ ಹತ್ತೂವರೆ. ದುರುಗಣ್ಣ ಜೀಪು ತಿರುಗಿಸು ಎಂದು ಕೂಗುತ್ತಲೇ ಮೊಬೈಲಿನಿಂದ ಮನೆಗೆ ಫೋನ್ ಹಚ್ಚಿದ. ತೊಟ್ಟಿಯ ಕೋಣೆಯ ಫೋನು ಮುದುಕಮ್ಮನವರ ಮಡಿಲಲ್ಲೇ ಇರುತ್ತಿತ್ತು, ಮಗ ಫೋನ್ ಮಾಡುತ್ತಾನೆಂದು.

“ಶಂಭೂ?”

“ನಾನ್ರಿ ಅವ್ವಾರ, ದುರುಗಣ್ಣ. ಕಾವ್ಯಮ್ಮಾರ್ನ ಸ್ವಲ್ಪ ಕರೀರಿ, ಜಲ್ದಿ.”

ಕಾವ್ಯ ಸಾವುಕಾರರ ಮಗಳು. ಐದನೆಯ ಇಯತ್ತೆಯಿಂದ ಊಟಿಯ ಹಾಸ್ಟೆಲಿನಲ್ಲಿ ಓದಿ, ಈಗ ಕಾಲೇಜಿನ ರಜೆಗೆ ಬಂದಿದ್ದಳು.

“ಅಕಿ ಇನ್ನಾ ಮಲಗ್ಯಾಳ. ಹತ್ತೂವರಿ ಅಂದ್ರ ಅಕಿಗೆ ನಸುಕು. ಯಾಕ?”

“ಗ್ಯಾಸ್ ಬಂದ್ ಮಾಡ್ಬೇಕ್ರಿ. ಸಿಲಿಂಡರ್ ತಪ್ಪಿ ಬಂದೈತಿ.”

“ನಿನ್ನೆ ಕೂಡ್ಸಿದಾವ ನೀನಽ ಅಲ್ಲೇನು?”

“ನಾನಽ ರಿ. ತಪ್ಪೂ ನಂದಽ.”

“ಹಂಗಾರ ಸಂಜಿಗೆ ಬಂದು ತಿದ್ದು. ನನ ಮಗ ಫೋನ್ ಮಾಡಾತನ ಗುಳ್ಳಿ ನಿಲ್ಲಂಗಿಲ್ಲ.”

“ಅವ್ವಾರ, ಆ ರೆಗ್ಯುಲೇಟರ್ ಮ್ಯಾಲ ಏನರ ಬೆಳ್ಳಗ ಕಾಣತೈತೇನ್ರಿ?”

ಮುದುಕಮ್ಮ ಕಣ್ಣು ಕಿರಿದು ಮಾಡಿ ನೋಡಿರಬೇಕು. ಆಮೇಲೆ ಖುಷಿಯ ದನಿ: “ವಿಭೂತಿ ಹಚ್ಚಿದಂಗ ಆಗೇತಲ್ಲೋ ದುರುಗಾ! ತಲಿ ತುಂಬ. ನಾ ಈಗಽ ನೋಡಿದೆ. ಒಳ್ಳೇದಾಗತೈತಿ ಬಿಡು ಶಂಭೂಗ.”

ವಿಭೂತಿಯಲ್ಲ, ಮಂಜು. ಸೋಡಾ ತುಂಬುವವರಿಗೆ ಅದಕ್ಕಿಂತ ಅಂಜಿಕೆಯ ಬಿಳುಪು ಇನ್ನೊಂದಿಲ್ಲ. ದುರುಗಣ್ಣ ಅದನ್ನು ಬಿಡಿಸಿ ಹೇಳಿದ. ಗ್ಯಾಸು ನೆಲದ ಮೇಲೆ ತುಂಬುತ್ತದೆ, ಕಣ್ಣಿಗೆ ಕಾಣುವುದಿಲ್ಲ, ವಾಸನೆಯಿಲ್ಲ, ತಲೆ ಭಾರವಾಗಿ ನಿದ್ದೆ ಬಂದಂತಾಗುತ್ತದೆ. ಹೊರಗೆ ಬನ್ನಿ, ಬಾಗಿಲು ತೆರೆದಿಡಿ ಎಂದ.

“ಬಾಗಲಾ ತೆರದ್ರ ಧೂಳ ಬರತೈತಿ ಅಂತ ನೀನಽ ಹೇಳಿದ್ದು,” ಎಂದರು ಮುದುಕಮ್ಮ. “ದುರುಗಾ, ಹನ್ನೊಂದಕ್ಕ ಅರ್ಧಾ ತಾಸೈತಿ. ಹನ್ನೊಂದಾದ ಮ್ಯಾಲ ಏನ್ಬೇಕಾರ ಮಾಡು. ಈಗ ನೀ ಬಂದ್ ಮಾಡು ಅಂತಿ, ಅಲ್ಲಿ ಅವರು ಆಗಂಗಿಲ್ಲ ಅಂದ್ರ, ನನ ಮಗಗ ನಾ ಯಾವ ಮಕ ತೋರಸ್ಲಿ?”

ಜೀಪು ಆಗಲೇ ಊರು ದಾಟಿತ್ತು. ಒಂದು ತಿರುವಿನಲ್ಲಿ ಲಾರಿಗಳ ಸಾಲು ಎದುರಾಗಿ ಜಂಬಪ್ಪ ಬ್ರೇಕು ಒತ್ತಿದ. ಕಣ್ಣು ಹರಿಯುವಷ್ಟು ದೂರ ತಾಡಪಾಲು ಹೊದ್ದ ಲಾರಿಗಳು. ಮುಂದೆಲ್ಲೋ ಒಂದು ಮಗುಚಿ ಬಿದ್ದಿತ್ತಂತೆ. ಕ್ಲೀನರುಗಳು ರಸ್ತೆಯಲ್ಲಿಳಿದು ಬೀಡಿ ಸೇದುತ್ತಿದ್ದರು.

“ಆತು,” ಎಂದ ಜಂಬಪ್ಪ, “ಇನ್ನ ಸಂಜೀ ತನ. ಇಷ್ಟ್ಯಾಕ ಬೆವರಾಕತ್ತೀಯೋ ಮಾರಾಯ? ಮೀನ ಸತ್ರ ಹುರಕೊಂಡ್ ತಿಂದ್ರಾತು.”

“ಮೀನಲ್ಲ ಲೇ. ಮುದುಕವ್ವ.”

ಜಂಬಪ್ಪ ನಗು ಬಿಟ್ಟು, ಹಾರ್ನಿನ ಮೇಲೆ ಅಂಗೈಯಿಟ್ಟು ಒತ್ತಿಯೇ ಹಿಡಿದ. ಯಾವ ಲಾರಿಯೂ ಅಲುಗಲಿಲ್ಲ.

ಹುಸೇನಮ್ಮ ಅಷ್ಟೊತ್ತಿಗೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಆಕೆಯ ಬಳಿ ಫೋನಿರಲಿಲ್ಲ. ಕಾವ್ಯಳ ಮೊಬೈಲಿನ ನಂಬರು ದುರುಗಣ್ಣನಿಗೆ ಗೊತ್ತಿರಲಿಲ್ಲ. ಸಾವುಕಾರರಿಗೆ ಫೋನ್ ಹಚ್ಚಿ ಕೇಳಬಹುದಿತ್ತು. ಅದಕ್ಕೆ ಮಡಿಲಿನ ಫೋನನ್ನು ಬಿಡಬೇಕು. ಬಿಟ್ಟರೆ ಅವ್ವ ಮತ್ತೆ ಎತ್ತುತ್ತಾರೆಂಬ ನಂಬಿಕೆ ಇರಲಿಲ್ಲ. ದುರುಗಣ್ಣ ಬಿಡಲಿಲ್ಲ.

“ಅವ್ವಾರ, ಬಂದ್ ಮಾಡ್ಬ್ಯಾಡ್ರಿ. ಆತು. ಗುಳ್ಳಿ ನೋಡ್ಕೋಂತ ಜಪ ಮಾಡ್ರಿ, ನಾ ಕೇಳ್ತೀನಿ.”

“ಹಾಂ, ಹಿಂಗ ಬಾ ದಾರಿಗೆ,” ಎಂದು ಮುದುಕಮ್ಮ ಶುರುಮಾಡಿದರು. ದುರುಗಣ್ಣ ಕೈಗಡಿಯಾರ ನೋಡುತ್ತ ಕೇಳಿದ. ಎರಡು ಸೆಕೆಂಡಿಗೊಂದಾಗಿದ್ದ ಓಂ ನಮಃ ಶಿವಾಯ ಸೆಕೆಂಡಿಗೊಂದಾಗಿತ್ತು. ಕೆಲವು ನಿಮಿಷದಲ್ಲಿ ‘ಓಂ’ ಬಿದ್ದುಹೋಗಿ ನಮಃ ಶಿವಾಯ ನಮಃ ಶಿವಾಯ ಎಂದಾಯಿತು. ಅದೂ ಹಿಡಿಸದೆ ಶಿವ ಶಿವ ಶಿವ ಎಂದಾಯಿತು. ಆಮೇಲೆ ಜಪ ತಪ್ಪಿತು.

“ಹಿಡಿಯಾಕಾಗವಲ್ದು ದುರುಗಾ,” ಎಂದರು ಮುದುಕಮ್ಮ. ದನಿಯಲ್ಲಿ ಏದುಸಿರು. “ಹೆಸರು ಮುಗಿಯೂದ್ರಾಗ ನಾಕು ಏಳಾಕತ್ಯಾವ. ಸೀಸೇದಾಗ ಕುದ್ದಂಗ ಆಗಾಕತ್ತೈತಿ. ಇದೇನು ಶುಭನೋ, ಅಶುಭನೋ?”

“ಅಶುಭ ರಿ! ಅಶುಭ! ಏಳ್ರಿ ಮ್ಯಾಲ!”

“ಏಳಾಕ ಹೋದ್ರ ತಲಿ ತಿರಗತೈತಿ. ಉಪಾಸಕ್ಕಿರಬೇಕು. ಇವತ್ತು ಹೊಟ್ಟಿಗೇನೂ ತಗೊಂಡಿಲ್ಲ ನಾ.”

ಉಪವಾಸದಿಂದಲ್ಲವೆಂದು ದುರುಗಣ್ಣನಿಗೆ ಗೊತ್ತಿತ್ತು. ಅವನು ಜೀಪಿನಿಂದ ಇಳಿದು ಲಾರಿಗಳ ಸಂದಿಯಲ್ಲಿ ಓಡತೊಡಗಿದ. ಓಡುತ್ತಲೇ ಹೇಳಿದ: “ಅವ್ವಾರ, ನಿಮ್ಮ ಮಗ ಫೋನ್ ಮಾಡಿದಾಗ ಎತ್ತೋರು ಯಾರ್ರಿ? ನೀವು ಅಲ್ಲೇ ಬಿದ್ರ ಅವರಿಗೆ ಹಾಂ ಅನ್ನೋರು ಯಾರು? ಬಾಯಿ ಬಿಡ್ರಿ. ಕಾವ್ಯಮ್ಮಾರ್ನ ಕೂಗ್ರಿ.”

ಈ ಮಾತು ಅವರಿಗೆ ತಾಗಿತು. ಮುದುಕಮ್ಮ ಬದಿಯಲ್ಲಿದ್ದ ಹಿತ್ತಾಳೆಯ ತಂಬಿಗೆಯನ್ನು ಎತ್ತಿ ನೆಲಕ್ಕೆ ಬಡಿದರು. ಬಡಿದ ಸದ್ದು ಫೋನಿನಲ್ಲಿ ದುರುಗಣ್ಣನಿಗೂ ಕೇಳಿಸಿತು, ಹಿತ್ತಲಲ್ಲಿ ಹುಸೇನಮ್ಮನಿಗೂ ಕೇಳಿಸಿತಂತೆ. ಮೀನಿನ ಕೋಣೆಯಲ್ಲಿ ಬೆಕ್ಕು ಹೊಕ್ಕಿದೆಯೆಂದು ಆಕೆ ತಿಳಿದಳು. ಮಹಡಿಯಿಂದ ಕಾವ್ಯ ಇಳಿದು ಬಂದಳು. ಬಾಗಿಲು ತೆರೆದು, ರೂಢಿಯಂತೆ ಧೂಳಿಗೆ ಹೆದರಿ, ಒಳಗೆ ಬಂದು ಮುಚ್ಚಿದಳು.

“ಏನ್ ಅಜ್ಜಿ, ಯಾಕ್ ಹಿಂಗ್ ಬಡೀತಿದ್ದೀ?”

ಆ ಕ್ಷಣದಲ್ಲಿ ಮುದುಕಮ್ಮ ಕೈಯನ್ನು ರೆಗ್ಯುಲೇಟರಿನ ಕಡೆ ಚಾಚಿ, ಒಂದೇ ಮಾತು ಹೇಳಿದರು: “ಅದನ್ನ ದೊಡ್ಡದು ಮಾಡವ್ವಾ.”

ಈ ಸೀಮೆಯ ಹಳೆಯ ಮನೆಗಳಲ್ಲಿ ಉರಿಯುವ ದೀಪವನ್ನು ಯಾರೂ ‘ಆರಿಸು’ ಎನ್ನುವುದಿಲ್ಲ. ಆ ಮಾತು ಬಾಯಲ್ಲಿ ಬಂದರೆ ಮನೆಗೆ ಕೇಡೆಂದು ತಿಳಿಯುತ್ತಾರೆ. ಆರಿಸಬೇಕಾದಾಗ ‘ದೀಪ ದೊಡ್ಡದು ಮಾಡು’ ಎನ್ನುತ್ತಾರೆ; ಕೇಳಿದವರು ಹೂವಿನಿಂದಲೋ ಎರಡು ಬೆರಳಿನಿಂದಲೋ ದೀಪವನ್ನು ಒತ್ತಿಬಿಡುತ್ತಾರೆ. ನಂದಾದೀಪದಂತೆ ಕಾದ ಗುಳ್ಳೆಯನ್ನು ನಿಲ್ಲಿಸು ಎಂದು ಹೇಳುವುದಕ್ಕೆ ಮುದುಕಮ್ಮನಿಗೆ ಇದ್ದ ಮಾತು ಅದೊಂದೇ.

ಲಾರಿಗಳ ನಡುವೆ ಓಡುತ್ತಿದ್ದ ದುರುಗಣ್ಣ ಅದನ್ನು ಕೇಳಿ ನಿಂತ. “ಅಪ್ಪಾ, ಹೇಳಿದ್ಲು ಮುದುಕಿ, ಅಂತ ಅಲ್ಲೇ ಕುಕ್ಕರಗಾಲ್ಲೆ ಕುಂತೆ ನೋಡ್ರಿ,” ಎನ್ನುತ್ತಾನೆ ಅವನು. ಅವನ ತಾಯಿಯೂ ಹಾಗೆಯೇ ಹೇಳುತ್ತಿದ್ದಳು.

ಕಾವ್ಯ ಊಟಿಯಲ್ಲಿ ಬೆಳೆದ ಹುಡುಗಿ. ಅವಳ ಹಾಸ್ಟೆಲಿನಲ್ಲಿ ದೀಪವಿರಲಿಲ್ಲ, ಸ್ವಿಚ್ಚು ಇತ್ತು. ದೊಡ್ಡದು ಎಂದರೆ ಅವಳಿಗೆ ದೊಡ್ಡದೇ. ಅವಳು ಬಗ್ಗಿ ರೆಗ್ಯುಲೇಟರಿನ ಚಕ್ರವನ್ನು ಹಿಡಿದು, ತಣ್ಣಗೆ ಕೊರೆಯುತ್ತಿದ್ದುದರಿಂದ ಚೂಡಿದಾರದ ವೇಲನ್ನು ಕೈಗೆ ಸುತ್ತಿಕೊಂಡು, ತಿರುಗುವಷ್ಟು ತಿರುಗಿಸಿದಳು.

ಫೋನಿನಲ್ಲಿ ಮೊದಲು ಒಂದು ಟಪ್ ಎಂಬ ಸದ್ದು ಬಂತು. ಗುಳ್ಳೆಯ ಸೀಸೆಯಿಂದ ನಳಿಕೆ ಕಿತ್ತುಬಂದ ಸದ್ದು. ಆಮೇಲೆ ಬಂದದ್ದು ಉಸ್ಸೆಂಬ ಒಂದೇ ಸಮನೆಯ ಶಬ್ದ, ಪ್ರೆಶರ್ ಕುಕ್ಕರಿನ ಸೀಟಿಯಂತೆ, ಆದರೆ ನಿಲ್ಲದೆ.

“ಕಾವ್ಯಮ್ಮಾ!” ಎಂದು ದುರುಗಣ್ಣ ಕಿರುಚಿದ. “ಫೋನ್ ಎತ್ತವ್ವಾ! ಕಾವ್ಯಮ್ಮಾ!” ಅವನ ಕೂಗಿಗೆ ಲಾರಿಗಳಿಂದ ತಲೆಗಳು ಹೊರಬಂದವು. ಮುದುಕಮ್ಮನ ಮಡಿಲಿನಲ್ಲಿ ಬಿದ್ದ ಫೋನಿನಿಂದ ಸೊಳ್ಳೆಯಂತೆ ದನಿ ಬರುತ್ತಿದ್ದುದನ್ನು ಕಾವ್ಯ ಕೇಳಿಸಿಕೊಂಡದ್ದು ಎಷ್ಟು ಹೊತ್ತಿನ ಮೇಲೆ ಎಂಬುದರಲ್ಲಿ ಇಬ್ಬರ ಮಾತು ಹೊಂದುವುದಿಲ್ಲ. ದುರುಗಣ್ಣ ಐದು ನಿಮಿಷ ಎನ್ನುತ್ತಾನೆ. ಹುಸೇನಮ್ಮ ಅಷ್ಟಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎನ್ನುತ್ತಾಳೆ.

“ದುರುಗಣ್ಣ? ಅಜ್ಜಿ ದೊಡ್ಡದು ಮಾಡು ಅಂದ್ಳು, ಮಾಡಿದೆ. ಪೈಪ್ ಬಿಚ್ಚಿಹೋಯ್ತು. ಈಗ ಬಂದ್ ಮಾಡ್ತೀನಂದ್ರೆ ಚಕ್ರ ತಿರುಗ್ತಿಲ್ಲ, ಐಸ್ ಆಗಿದೆ!”

“ಚಕ್ರ ಬಿಡು. ಬಿಡವ್ವಾ ಅದನ್ನ! ನೀ ನಿಂತೀಯೋ ಕುಂತೀಯೋ?”

“ಕುಂತೀನಿ. ಅಜ್ಜಿ ನನ್ ಮೇಲೆ ಒರಗಿದ್ದಾಳೆ. ಮಾತಾಡ್ತಿಲ್ಲ.”

“ನಿಂದ್ರು! ತಲಿ ಮ್ಯಾಲ ಇಟ್ಕ. ಗ್ಯಾಸ್ ಕೆಳಗೈತಿ. ಎತ್ರಕ್ಕ ನಿಂತು ಒಂದ್ ದೊಡ್ಡ ಉಸುರು ಎಳಿ, ಬಿಗಿಹಿಡಿ, ಬಗ್ಗಿ ಕೌದಿ ತುದಿ ಹಿಡ್ಕಂಡು ಅವ್ವಾರ್ನ ಕೌದಿ ಸಮೇತ ಎಳಿ. ಎತ್ತಾಕ ಹೋಗಬ್ಯಾಡ, ಎತ್ತಾಕಾಗಂಗಿಲ್ಲ ನಿನಗ. ಎಳಿ. ಉಸುರು ಮುಗೀತಂದ್ರ ಮತ್ತ ನಿಂದ್ರು, ಮ್ಯಾಲಿಂದ ಎಳ್ಕ, ಮತ್ತ ಬಗ್ಗು. ಬಾಗಲಾ ಮೊದ್ಲು ತೆರಿ!”

ಫೋನು ಕೆಳಗೆ ಬಿತ್ತು. ದುರುಗಣ್ಣನ ಕಿವಿಯಲ್ಲಿ ಉಳಿದದ್ದು ಉಸ್ಸೆಂಬ ಸದ್ದೊಂದೇ.

ಕೌದಿಯನ್ನು ಕಾಲು ದಾರಿ ಎಳೆಯುವಷ್ಟರಲ್ಲಿ ಕಾವ್ಯಳ ಕಣ್ಣು ಕತ್ತಲೆಗಟ್ಟಿತು. ಬಾಗಿಲಿನತ್ತ ಹೋಗಿ ಅದನ್ನು ತೆರೆದು ಹಿಡಿಯನ್ನು ಹಿಡಿದು ನಿಂತು, “ಹುಸೇನಮ್ಮಾ” ಎಂದು ಕೂಗಿದಳು. ಕೂಗಿದ್ದು ತನಗೇ ಬರಿಯ ಗಾಳಿಯಂತೆ ಕೇಳಿಸಿತೆಂದು ಅವಳು ಆಮೇಲೆ ಹೇಳಿದಳಂತೆ. ಹುಸೇನಮ್ಮ ಬೆಕ್ಕನ್ನು ಓಡಿಸಲು ಪೊರಕೆ ಹಿಡಿದೇ ಬರುತ್ತಿದ್ದಳು. ಬಾಗಿಲಲ್ಲಿ ತೂಗಾಡುತ್ತಿದ್ದ ಹುಡುಗಿಯನ್ನು ಕಂಡಳು, ಹಿಂದೆ ನೆಲದ ಮೇಲೆ ದ್ರವ ಚಿಮ್ಮಿ ಎದ್ದ ಬಿಳಿಯ ಮಂಜಿನ ಹೊಗೆಯೊಳಗೆ ಮುದುಕಮ್ಮನ ಕಾಲು ಕಂಡಳು.

“ನನಗ ಯಾರೂ ಉಸುರು ಹಿಡಿ ಅಂತ ಹೇಳಿದ್ದಿಲ್ಲ,” ಎನ್ನುತ್ತಾಳೆ ಹುಸೇನಮ್ಮ. “ಆದ್ರ ಹೊಗಿ ಕಂಡ್ರ ಯಾರು ಉಸುರಾಡ್ತಾರ? ಮೂಗು ಮುಚ್ಚಿ ಹೋದೆ. ಕೌದಿ ಎಳದೆ. ಆ ಕೌದಿ ಕಂಪ್ಲಿದು, ಮುದುಕಮ್ಮಾರ ಅತ್ತಿ ಹೊಲಿದಿದ್ದು. ಹರಿಯಂಗಿಲ್ಲ. ಬಟ್ಟಿ ಒಗೆಯೋ ಕೈರಿ ನಂದು. ಎರಡೇ ಎಳೆತ.”

ದುರುಗಣ್ಣ ಲಾರಿಗಳ ಸಾಲಿನ ತುದಿಯವರೆಗೆ ಓಡಿ, ಅಲ್ಲಿ ನಿಂತಿದ್ದ ಯಾರದೋ ಮೋಟರ್ ಬೈಕಿನ ಹಿಂದೆ ಕುಳಿತು ಹೊಸಪೇಟೆ ಸೇರುವಷ್ಟರಲ್ಲಿ ಹನ್ನೊಂದೂಮುಕ್ಕಾಲು. ದಾರಿಯುದ್ದಕ್ಕೂ ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಅರ್ಧ ದಾರಿಯಲ್ಲಿ ಆ ಸದ್ದು ಸಣ್ಣದಾಗುತ್ತ ನಿಂತುಹೋಯಿತು. ಮನುಷ್ಯರ ದನಿ ಮಾತ್ರ ಒಂದೂ ಬರಲಿಲ್ಲ. ಆ ಹೊತ್ತಿನ ಬಗ್ಗೆ ಕೇಳಿದರೆ ಅವನು ಕಟ್ಟೆಯಿಂದ ಎದ್ದುಹೋಗುತ್ತಾನೆ.

ಅಂಗಳದ ಬೇವಿನ ನೆರಳಿನಲ್ಲಿ ಕೌದಿ ಹಾಸಿತ್ತು. ಹುಸೇನಮ್ಮನ ತೊಡೆಯ ಮೇಲೆ ತಲೆಯಿಟ್ಟು ಮುದುಕಮ್ಮ ಮಲಗಿದ್ದರು. ತುಟಿ ನೀಲಿಗಟ್ಟಿತ್ತು, ಕಣ್ಣು ತೆರೆದಿತ್ತು. ಡಾಕ್ಟರು ಬಂದು ನೋಡಿಯಾಗಿತ್ತು. ಇನ್ನು ಸ್ವಲ್ಪ ಹೊತ್ತಾಗಿದ್ದರೆ ಎಂದು ಹೇಳಿ, ಮಾತು ಮುಗಿಸದೆ ಕೈ ತೊಳೆಯಲು ಹೋಗಿದ್ದರು. ಕಾವ್ಯ ಮೆಟ್ಟಿಲ ಮೇಲೆ ಕುಳಿತು ವಾಂತಿ ಮಾಡುತ್ತಿದ್ದಳು.

ದುರುಗಣ್ಣ ಒಂದು ಕಲ್ಲು ತೆಗೆದುಕೊಂಡು ತೊಟ್ಟಿಯ ಕೋಣೆಯ ಎರಡೂ ಕಿಟಕಿಗಳ ಗಾಜನ್ನು ಒಡೆದ. ಗಾಳಿಯಾಡಿದ ಮೇಲೆ ಉಸಿರು ಹಿಡಿದು ಒಳಗೆ ಹೋಗಿ ಬಂದ. ತೊಟ್ಟಿಯ ಮೀನುಗಳೆಲ್ಲ ಮೇಲೆ ತೇಲುತ್ತಿದ್ದವು. ಸಿಲಿಂಡರು ಬರಿದಾಗಿತ್ತು. ಅವನು ಬಂದು ಮುದುಕಮ್ಮನ ಕಾಲ ಬಳಿ ಕುಳಿತ.

“ನನ್ನ ಕೈಲೆ ಆಗಿದ್ದು ಇದು, ಅವ್ವಾರ,” ಎಂದ. “ಒರಸಿದ್ರ ಪಟ್ಟಿ ಕಾಣತಿತ್ತು.”

ಮುದುಕಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಾವ್ಯಳ ಮೊಬೈಲು ಹೊಡೆಯಿತು. ಅವಳು ಎತ್ತಿ, ಅಳುತ್ತ, ತಂದೆಗೆ ಎಲ್ಲವನ್ನೂ ಹೇಳಿದಳು. ಆಮೇಲೆ ಬಹಳ ಹೊತ್ತು ಕೇಳಿಸಿಕೊಂಡಳು. ಫೋನಿನ ಮೇಲೆ ಅಂಗೈ ಮುಚ್ಚಿ ಅಜ್ಜಿಯ ಕಡೆ ತಿರುಗಿದಳು.

“ಅಜ್ಜಿ, ಗುಳ್ಳೆ ಎಷ್ಟೊತ್ತಿಗೆ ನಿಂತ್ವು ಅಂತ ಕೇಳ್ತಿದ್ದಾರೆ. ಅಲ್ಲಿ ಅಪ್ಪನ್ನ ಕರೆದಿದ್ದು ಹನ್ನೊಂದೂ ಹತ್ತಕ್ಕಂತೆ. ಅದಕ್ಕೆ ಮುಂಚೆನೋ ಆಮೇಲೋ ಅಂತ.”

ಮುದುಕಮ್ಮ ಕೇಳಿದರು: “ನನ್ನ ಕೇಳಿದ್ನೇನು?”

“ಕೇಳಿದ್ರು. ಮೊದಲು ಅದೇ ಕೇಳಿದ್ರು. ಹುಷಾರಾಗಿದ್ದಾಳಲ್ಲ, ಸರಿ ಅಂದ್ರು.”

“ಸರಿ ಅಂದ್ನೇನು,” ಎಂದರು ಮುದುಕಮ್ಮ. ಹುಸೇನಮ್ಮನ ತೋಳು ಹಿಡಿದು ಎದ್ದು ಕುಳಿತರು. ಕುಳಿತದ್ದಕ್ಕೇ ಸುಸ್ತಾಗಿ ಕಣ್ಣು ಮುಚ್ಚಿದರು. ಮುಚ್ಚಿಕೊಂಡೇ ಕೈ ಚಾಚಿ ಫೋನು ಇಸಿದುಕೊಂಡರು.

“ಶಂಭೂ,” ಎಂದರು. “ಗುಳ್ಳಿ ತಾವಾಗಿ ನಿಂತಿದ್ದಲ್ಲ. ನಾನಽ ಆರಿಸೀನಿ. ಎಷ್ಟೊತ್ತಿಗೆ ಅಂತ ನಿನಗ ಹೇಳಂಗಿಲ್ಲ.”

ಆ ಕಡೆಯಿಂದ ಬಂದ ಮಾತನ್ನು ಕೇಳಲಿಲ್ಲ. ಫೋನನ್ನು ಮೊಮ್ಮಗಳಿಗೆ ಕೊಟ್ಟು ದುರುಗಣ್ಣನತ್ತ ತಿರುಗಿದರು.

“ಆ ತಲಿ ಬಿಚ್ಚಿ ಸಿಲಿಂಡರ್ ಹೊರಗ ಒಯ್ಯಿ.”

“ಸಾವ್ಕಾರ್ರ ಒಂದ್ ಮಾತು ಕೇಳಿ…”

“ಮನೀ ನಂದೂ ಐತಿ, ಬಿಚ್ಚು,” ಎಂದರು ಮುದುಕಮ್ಮ.

ಪರವಾನಗಿ ಬಂದಿತೆಂದು ದುರುಗಣ್ಣ ಹೇಳುತ್ತಾನೆ, ಬರಲಿಲ್ಲವೆಂದು ಹುಸೇನಮ್ಮ ಹೇಳುತ್ತಾಳೆ. ಈ ಒಂದು ವಿಷಯಕ್ಕೆ ಇಬ್ಬರೂ ಕಟ್ಟೆಯ ಮೇಲೆ ಜಗಳವಾಡಿದ್ದೂ ಉಂಟು. ಅಂದು ದುರುಗಣ್ಣ ಸ್ಪ್ಯಾನರ್ ಹಚ್ಚಿ ರೆಗ್ಯುಲೇಟರ್ ಬಿಚ್ಚಲು ಕಾಲು ತಾಸು ಹಿಡಿಯಿತೆಂಬುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿದೆ. ಮಂಜು ಕರಗುವವರೆಗೆ ನಟ್ಟು ಸಡಿಲವಾಗಲಿಲ್ಲ. ಅಷ್ಟು ಹೊತ್ತೂ ಮುದುಕಮ್ಮ ಬೇವಿನ ಬುಡದಲ್ಲಿ ಕುಳಿತು, ಒಡೆದ ಕಿಟಕಿಯತ್ತ ನೋಡುತ್ತ, ಬಾಯಿ ಬಿಟ್ಟು ಗಾಳಿ ಎಳೆದುಕೊಳ್ಳುತ್ತಿದ್ದರು.